ರುದ್ರಮ್ಮನ ಮೊಳ

ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಹಾಲಿನ ವ್ಯಾನು ಬಂದು ಹೋಗಿದೆ, ಹೂವಿನವರು ಇನ್ನೂ ಬಂದಿಲ್ಲ. ಅರ್ಧ ಎತ್ತಿದ ಒಂದು ಶಟರ್‌ನ ಒಳಗೆ ಮಾತ್ರ ಬೆಳಕಿದೆ. ಅಲ್ಲಿ ಸಿದ್ದಮಲ್ಲಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹೆಂಗಸರ ಹೆಗಲಚೀಲಗಳನ್ನು ಒಂದೊಂದಾಗಿ ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದಾರೆ. ಕೈಯಲ್ಲೊಂದು ಬಿದಿರಿನ ಕಡ್ಡಿ. ಚೀಲದ ಪಟ್ಟಿಗೆ ಆ ಕಡ್ಡಿ ಹಿಡಿಯುತ್ತಾರೆ. ಎರಡು ಸಲ ಪೂರ್ತಿ, ಮೂರನೆಯ ಸಲ ಕಡ್ಡಿಯ ನಡುವೆ ಕೊರೆದ ಗೀಟಿನವರೆಗೆ. ಸರಿ ಬಂದದ್ದು ಗಂಟಿಗೆ, ಬಾರದ್ದು ಪಕ್ಕಕ್ಕೆ. ಹೊಲಿದವರು ಅವರೇ, ಹೊಲಿಯುವಾಗ ಅಳೆದವರೂ ಅವರೇ. ಆದರೂ ಸಂತೆಗೆ ಹೊರಡುವ ಮುನ್ನ ಇನ್ನೊಂದು ಸಲ ಅಳೆಯದಿದ್ದರೆ ಅವರಿಗೆ ಸಮಾಧಾನವಿಲ್ಲ.

“ಒಂದ್ ಬೆರಳು ಎಚ್ಚುಕಮ್ಮಿ ಆದ್ರೂ ಬೈತಾಳೆ ಸಾ ಅವಳು,” ಎಂದು ಪೇಪರಿಗೆ ಬರೆಯಲು ಬಂದವರಿಗೆ ಹೇಳುತ್ತಾರೆ. ಹೇಳಿದ ಮೇಲೆ ಕೈ ನಿಲ್ಲುತ್ತದೆ. “ಬೈತಿದ್ಲು,” ಎಂದು ತಿದ್ದಿಕೊಂಡು ಮುಂದಿನ ಚೀಲ ತೆಗೆದುಕೊಳ್ಳುತ್ತಾರೆ.

ಅವಳು ಎಂದರೆ ಹೆಂಡತಿ ರುದ್ರಮ್ಮ. ತೀರಿಕೊಂಡು ಎರಡು ದೀಪಾವಳಿ ಕಳೆದಿವೆ. ಈ ಸಂಗತಿ ನಂಜನಗೂಡಿನ ಇಡೀ ಓಣಿಗೆ ಗೊತ್ತು. ಆದರೆ ಇವತ್ತು ಅವರು ಗಂಟು ಹೊತ್ತು ಹೊರಟಿರುವ ಟಿ. ನರಸೀಪುರದ ಸಂತೆಗೆ ಮಾತ್ರ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಎಂದರೆ, ಸಿದ್ದಮಲ್ಲಪ್ಪ ಅಲ್ಲಿ ಯಾರಿಗೂ ಹೇಳಿಲ್ಲ. ವಾರವಾರವೂ ಹೇಳಬೇಕೆಂದುಕೊಂಡೇ ಬಸ್ಸು ಹತ್ತುತ್ತಾರೆ, ಹೇಳದೆ ವಾಪಸು ಬರುತ್ತಾರೆ.

ಬಸ್ಸಿನಲ್ಲಿ ಗಂಟನ್ನು ಡ್ರೈವರ್ ಹಿಂದಿನ ಜಾಗಕ್ಕೆ ತಳ್ಳಿ, ಎರಡು ಜನರ ಸೀಟಿನಲ್ಲಿ ಕಿಟಕಿಯ ಪಕ್ಕ ಬಿಟ್ಟು ಈಚೆ ಕೂರುತ್ತಾರೆ. ಕಿಟಕಿ ಪಕ್ಕದ್ದು ರುದ್ರಮ್ಮನ ಜಾಗ. ಯಾರಾದರೂ “ಸರ್ಕಳಿ” ಎಂದರೆ ಮಾತಾಡದೆ ಸರಿಯುತ್ತಾರೆ, ಜಗಳವೇನಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸದರಲ್ಲಿ ರುದ್ರಮ್ಮ ಇದೇ ಸೀಟಿನಲ್ಲಿ ಕೂತು ಗಂಡನನ್ನು ಎಷ್ಟು ರೇಗಿಸಿದ್ದರೆಂದರೆ ಕಂಡಕ್ಟರೂ ನಕ್ಕಿದ್ದನಂತೆ. “ನಿನ್ ಟಿಕೆಟ್ ನೀನ್ ತಕ. ನನ್ನ ಸರ್ಕಾರ ಕರ್ಕಂಡೋಯ್ತದೆ, ಅನ್ನೋಳು,” ಎಂದು ನೆನೆಯುತ್ತಾರೆ ಸಿದ್ದಮಲ್ಲಪ್ಪ. ಈಗಲೂ ಕಂಡಕ್ಟರ್ ಬಂದಾಗ ಒಂದು ಟಿಕೆಟ್ಟಿನ ದುಡ್ಡೇ ಕೊಡುತ್ತಾರೆ. ಮೊದಲೂ ಒಂದೇ, ಈಗಲೂ ಒಂದೇ. ಬರೀ ಟಿಕೆಟ್ಟು ನೋಡಿದವರಿಗೆ ಇವರ ಬದುಕಿನಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ.

ಅವರ ಸರಕಿಗೆ ನಮ್ಮವರು ಇಟ್ಟ ಹೆಸರು ಜಂಬದ ಚೀಲ. ವ್ಯಾನಿಟಿ ಬ್ಯಾಗನ್ನು ಹೀಗೆ ಕನ್ನಡಕ್ಕೆ ತಂದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಗಂಡಸಂತೂ ಖಂಡಿತ. ಅವನು ಒಂದೇ ಒಂದು ಸಲ ಅಂಥ ಚೀಲದೊಳಗೆ ಕೈಯಾಡಿಸಿದ್ದರೆ ಆ ಹೆಸರು ಇಡುತ್ತಿರಲಿಲ್ಲ. ಆಧಾರ್ ಕಾರ್ಡು, ಅರ್ಧ ಮುಗಿದ ಮಾತ್ರೆ ಹಾಳೆ, ಮನೆ ಬೀಗದ ಕೈ, ಸೇಫ್ಟಿ ಪಿನ್ನು, ಮಡಚಿದ ಪ್ಲಾಸ್ಟಿಕ್ ಕವರು, ಮಗು ತಿಂದು ಬಿಟ್ಟ ಬಿಸ್ಕತ್ತು. ಜಂಬಪಡಲು ಇದರಲ್ಲಿ ಏನಿದೆಯಪ್ಪಾ? ಸಿದ್ದಮಲ್ಲಪ್ಪನ ಅಂಗಡಿಯಲ್ಲಿ ಆ ಮಾತು ನಡೆಯುವುದಿಲ್ಲ. ಅಲ್ಲಿ ಅದು ಬರೀ ಚೀಲ, ಅಥವಾ ರುದ್ರಮ್ಮ ಹೇಳುತ್ತಿದ್ದಂತೆ “ದಿನದ ಚೀಲ”. ಮದುವೆ ಮನೆಗೆ ಮಿಂಚುವ ಚೀಲ ಬೇಕೆಂದು ಬಂದವರನ್ನು ರುದ್ರಮ್ಮ ಮುಲಾಜಿಲ್ಲದೆ ಎದುರಿನ ಫ್ಯಾನ್ಸಿ ಸ್ಟೋರಿಗೆ ಕಳಿಸುತ್ತಿದ್ದರು.

ಸಿದ್ದಮಲ್ಲಪ್ಪ ಬದನವಾಳಿನವರು. ಮನೆಯ ಹೆಂಗಸರು ನೂಲುತ್ತಿದ್ದರು, ಇವರು ಹೊಲಿಗೆ ಕಲಿತರು. ನಂಜನಗೂಡಿಗೆ ಬಂದು ಶಾಲೆ ಮಕ್ಕಳ ಬ್ಯಾಗು, ತರಕಾರಿ ಕೈಚೀಲ, ರೇಷನ್ ಚೀಲ ಹೀಗೆ ಸಿಕ್ಕಿದ್ದೆಲ್ಲ ಹೊಲಿಯುತ್ತಿದ್ದ ಕಾಲಕ್ಕೆ ಚಿಕ್ಕಯ್ಯನಛತ್ರದ ರುದ್ರಮ್ಮ ಮದುವೆಯಾಗಿ ಬಂದರು. ಗಂಡ ಮಾತಿಗೆ ಜಿಪುಣ, ಹೆಂಡತಿ ಮಾತಿನ ಮಲ್ಲಿ. ಅಂಗಡಿಯ ನಡುವೆ ಒಂದು ಪರದೆ ಕಟ್ಟಿದರು. ಆಚೆ ಮಿಷಿನ್ನು, ಗಂಡ. ಈಚೆ ಗಿರಾಕಿ, ಹೆಂಡತಿ. ಹೆಂಗಸರ ಚೀಲ ಹೊಲಿಯೋಣ ಎಂದವರೂ ರುದ್ರಮ್ಮನೇ. ಮಕ್ಕಳಾಗಲಿಲ್ಲ. ಇಬ್ಬರೂ ಅದಕ್ಕಾಗಿ ಬಹಳ ದಿನ ನೊಂದುಕೊಂಡು, ಆಮೇಲೆ ಸುಮ್ಮನಾದರು.

ಚೀಲ ಕೊಳ್ಳಲು ಬಂದವರಿಗೆ ರುದ್ರಮ್ಮ ಮೊದಲು ಚೀಲ ತೋರಿಸುತ್ತಲೇ ಇರಲಿಲ್ಲ. ಕೂರಿಸಿ ಕೇಳುತ್ತಿದ್ದರು. ಪರದೆಯಾಚೆಯಿಂದ ವರ್ಷಗಟ್ಟಲೆ ಕೇಳಿಸಿಕೊಂಡ ಮಾತುಗಳು ಸಿದ್ದಮಲ್ಲಪ್ಪನಿಗೆ ಬಾಯಿಪಾಠ. “ಬಸ್ಸಲ್ಲಿ ಓಡಾಡೀಯೊ, ಗಾಡೀಲಿ ಓಯ್ತೀಯೊ? ಯಾವ ಎಗಲಿಗೆ ಆಕ್ಕತೀಯ? ಒಳಗೇನೇನ್ ಇಕ್ಕತೀಯ, ಸುರಿ ಇಲ್ಲಿ, ನೋಡವ, ಅನ್ನೋಳು.” ಟವೆಲ್ಲಿನ ಮೇಲೆ ಹಳೆಯ ಚೀಲ ಬರಿದಾಗುತ್ತಿತ್ತು. ಅಷ್ಟನ್ನೂ ಹೊಸ ಚೀಲಕ್ಕೆ ತುಂಬಿ, ಹೆಗಲಿಗೆ ಹಾಕಿಸಿ, “ಈಗ ಕಣ್ಮುಚ್ಕಂಡ್ ಬೀಗದ ಕೈ ತೆಗಿ,” ಎನ್ನುತ್ತಿದ್ದರು. ತಡಕಾಡಿದರೆ ಆ ಚೀಲ ಬೇಡ, ಬೇರೆ. ದೊಡ್ಡ ಚೀಲವೇ ಬೇಕೆಂದು ಹಟ ಹಿಡಿದವರಿಗೆ, “ದೊಡ್ದು ತಕಂಡ್ರೆ ಮನೇನೇ ತುಂಬ್ಕತೀಯ ಕಣವ್ವ, ಸಂಜೆಗೆ ಎಗಲು ಬಿದ್ದೋಯ್ತದೆ,” ಎಂದು ಗದರುತ್ತಿದ್ದರು.

ಒಳಗೆ ಕಪ್ಪು ಅಸ್ತರಿ ಹಾಕಿದರೆ ಬಿದ್ದ ವಸ್ತು ಕಾಣುವುದಿಲ್ಲ ಎಂದು ಬಿಳಿ ಖಾದಿ ಹಾಕಿಸಿದ್ದು ಅವರು. ಬಸ್ಸು ಫ್ರೀ ಆದ ಮೇಲೆ ನೂಕುನುಗ್ಗಲಿನಲ್ಲಿ ಆಧಾರ್ ಕಾರ್ಡಿಗಾಗಿ ಹೆಂಗಸರು ಇಡೀ ಚೀಲ ಬಿಚ್ಚುವುದನ್ನು ನೋಡಿ, ಹೊರಗಡೆಗೆ ಒಂದು ಸಣ್ಣ ಜೇಬು ಇಡಿಸಿದ್ದೂ ಅವರೇ. ಇನ್ನು ಪಟ್ಟಿಯ ಉದ್ದ ಅವರ ಕಟ್ಟುನಿಟ್ಟು. ಚೀಲ ಸೊಂಟಕ್ಕಿಂತ ಮೇಲೆ, ಕಂಕುಳಿಗಿಂತ ಕೆಳಗೆ, ಮೊಣಕೈಯಿಂದ ಒತ್ತಿ ಹಿಡಿಯುವ ಜಾಗದಲ್ಲಿ ನಿಲ್ಲಬೇಕು. ಒಂದು ಕೈ ಬಸ್ಸಿನ ಕಂಬಿಗೆ, ಇನ್ನೊಂದು ಕೈ ಮಗುವಿಗೆ. ಚೀಲ ಕಾಯುವುದಕ್ಕೆ ಉಳಿಯುವುದು ಮೊಣಕೈ ಒಂದೇ.

ಆ ಪಟ್ಟಿಯನ್ನು ಅವರು ಹೂವಿನವರು ಹೂ ಅಳೆಯುವಂತೆ ಮೊಳದಲ್ಲಿ ಅಳೆಯುತ್ತಿದ್ದರು. ಟೇಪು ಅಂಗಡಿಯಲ್ಲಿತ್ತು, ಆದರೆ ಅದು ಚೀಲದ ಮೈಗೆ. ಪಟ್ಟಿ ಮಾತ್ರ ರುದ್ರಮ್ಮನ ಕೈಯಳತೆ, ಎರಡೂವರೆ ಮೊಳ. ಅಳೆದು, ಕತ್ತರಿಸಿ, ಪರದೆಯ ಕೆಳಗಿನಿಂದ ಗಂಡನ ಕಡೆಗೆ ತಳ್ಳುತ್ತಿದ್ದರು.

ಒಂದು ಬೆಳಗ್ಗೆ ಪಾತ್ರೆ ತೊಳೆಯುತ್ತಿದ್ದವರು ಹಾಗೇ ಕುಸಿದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿದುಹೋಯಿತು. ತಿಂಗಳ ಮೇಲೆ ಸಿದ್ದಮಲ್ಲಪ್ಪ ಅಂಗಡಿ ತೆರೆದು, ಪರದೆ ಬಿಚ್ಚಿ ಮಡಚಿಟ್ಟು, ಹೊಲಿಯಲು ಕೂತರು. ಪಟ್ಟಿ ಎಷ್ಟು? ಎರಡೂವರೆ ಮೊಳ. ತಮ್ಮ ಕೈ ಚಾಚಿ ಅಳೆದರು, ಕತ್ತರಿಸಿದರು, ಹೊಲಿದರು. ಒಂದು ದೊಡ್ಡ ಗಂಟಾಗುವಷ್ಟು ಚೀಲ ಹಾಗೆ ತಯಾರಾದವು, ಮಾರಿಯೂ ಹೋದವು. ವಾರ ಕಳೆಯುವುದರೊಳಗೆ ಒಬ್ಬೊಬ್ಬರೇ ವಾಪಸು ತರತೊಡಗಿದರು.

“ನಡೆಯೋವಾಗ ತೊಡೆಗ್ ಒಡೀತದೆ ಅಂದ್ರು. ಬಸ್ಸಲ್ಲಿ ಅದುಮ್ಕಳಾಕೆ ಆಗಲ್ಲ ಅಂದ್ರು. ನಾನು, ಎರಡೂವರೆ ಮೊಳ ಸರ್ಯಾಗೇ ಅದೆ ಕಣವ್ವ, ಅಂತ ವಾದ ಮಾಡ್ದೆ ಸಾ. ಅವರ ಮುಂದೇನೇ ಅಳ್ದು ತೋರಿಸ್ದೆ.”

ಎರಡೂವರೆ ಮೊಳ ಸರಿಯಾಗಿಯೇ ಇತ್ತು. ಮೊಳ ಬೇರೆಯವರದಾಗಿತ್ತು. ಸಿದ್ದಮಲ್ಲಪ್ಪ ಎತ್ತರದ ಆಳು, ಉದ್ದ ಕೈ. ರುದ್ರಮ್ಮ ಗಂಡನ ಎದೆಮಟ್ಟಕ್ಕೆ ಬರುತ್ತಿದ್ದರು. ಇಷ್ಟು ವರ್ಷ ಪರದೆಯ ಕೆಳಗಿನಿಂದ ಬಂದ ಪಟ್ಟಿಗೆ ಚೀಲ ಹೊಲಿದವರಿಗೆ ಆ ಮೊಳ ಯಾರದು ಎಂಬುದು ಹೊಳೆದೇ ಇರಲಿಲ್ಲ.

“ಅವತ್ತು ಗೊತ್ತಾಯ್ತು ಸಾ ನಂಗೆ, ಅವಳು ಓಗ್ಬುಟ್ಲು ಅಂತ. ಮಣ್ ಮಾಡ್ದಾಗ ಗೊತ್ತಾಗಿರ್ನಿಲ್ಲ.” ಹೀಗೆಂದು ಅವರು ಬಸ್ಸಿನ ಕಿಟಕಿಯಾಚೆ ನೋಡುತ್ತಾರೆ. ಗದ್ದೆಯ ಮೇಲೆ ಬಿಸಿಲು ಬರುತ್ತಿದೆ.

ಅಂಗಡಿಯಲ್ಲಿ ರುದ್ರಮ್ಮ ಕತ್ತರಿಸಿದ ಪಟ್ಟಿ ಒಂದೂ ಉಳಿದಿರಲಿಲ್ಲ. ಉಳಿದದ್ದು ಮನೆಯಲ್ಲಿ ಮೊಳೆಗೆ ನೇತಾಡುತ್ತಿದ್ದ ರುದ್ರಮ್ಮನ ಸ್ವಂತ ಚೀಲ. ಅದನ್ನು ಇಳಿಸಿ, ಪಟ್ಟಿಯನ್ನು ನೆಲದ ಮೇಲೆ ನೀಟಾಗಿ ಹಾಸಿ, ಐದು ಭಾಗ ಮಡಿಸಿ, ಅದರ ಎರಡು ಭಾಗಕ್ಕೆ ಸಮನಾಗಿ ಒಂದು ಬಿದಿರಿನ ಕಡ್ಡಿ ಕತ್ತರಿಸಿಕೊಂಡರು. ಅದೇ ಈ ಕಡ್ಡಿ. ಇವತ್ತಿಗೂ ಅವರ ಚೀಲಗಳೆಲ್ಲ ರುದ್ರಮ್ಮನ ಮೊಳಕ್ಕೇ ತೂಗುತ್ತವೆ.

ಅಳತೆಯೇನೋ ಹೀಗೆ ದಕ್ಕಿತು. ದಕ್ಕದೆ ಹೋದದ್ದು ಮಾತು. ರುದ್ರಮ್ಮ ಕೇಳಿದರೆ ಹೆಂಗಸರು ನಗುನಗುತ್ತಾ ಚೀಲ ಸುರಿಯುತ್ತಿದ್ದರು. ಅದೇ ಮಾತನ್ನು ಬಿಳಿಮೀಸೆಯ ಗಂಡಸೊಬ್ಬ, “ಒಳಗೇನೇನ್ ಇಕ್ಕತೀಯವ್ವ?” ಎಂದು ಕೇಳಿದಾಗ ಕಾಲೇಜಿನ ಹುಡುಗಿಯೊಬ್ಬಳು ಮುಖ ಸಿಂಡರಿಸಿಕೊಂಡು ಎದ್ದು ಹೋದಳು. ತಪ್ಪು ಹುಡುಗಿಯದಲ್ಲ. ಸಿದ್ದಮಲ್ಲಪ್ಪನಿಗೆ ನಾಚಿಕೆಯಿಂದ ಊಟ ಸೇರಲಿಲ್ಲ. ಆಮೇಲೆ ತಾವೇ ಒಂದು ದಾರಿ ಕಂಡುಕೊಂಡರು: ಟವೆಲ್ಲು ಹಾಸಿ, ಎರಡು ಮೂರು ಚೀಲ ಮುಂದಿಟ್ಟು, “ತುಂಬಿ ನೋಡವ್ವ, ನಾನ್ ಆ ಕಡೆ ತಿರುಕೋತೀನಿ,” ಎಂದು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಜಿಪ್ಪಿನ ಸದ್ದು, ಬೀಗದ ಕೈಗಳ ಸದ್ದು ಕೇಳಿಸಿಕೊಂಡು ಚೀಲ ಒಪ್ಪಿತೋ ಇಲ್ಲವೋ ಎಂದು ಅಂದಾಜು ಮಾಡುತ್ತಾರೆ. ಆಯಿತು ಎಂದ ಮೇಲೆ ತಿರುಗುತ್ತಾರೆ.

ಸಂತೆಯಲ್ಲಿ ಗೋಡೆಯಿಲ್ಲ. ಅಲ್ಲಿ ಅವರು ಪಕ್ಕದ ಪಾತ್ರೆ ವ್ಯಾಪಾರಿ ಮಾರಯ್ಯನ ಕಡೆ ತಿರುಗಿ ನಿಲ್ಲುತ್ತಾರೆ. ಒಂದು ಸಲ ಹೀಗೆ ತಿರುಗಿ ನಿಂತವರು ನಿಂತೇ ಇದ್ದರು. ಮಾರಯ್ಯ ಒಂದಿಷ್ಟು ಹೊತ್ತು ನೋಡಿ, “ಅಣ್ಣೋ, ಆ ಯಮ್ಮ ಆಗ್ಲೇ ಎದ್ದೋದ್ಲು. ಯಾರ್ಗ್ ನಿಂತಿದ್ದೀಯ?” ಎಂದನಂತೆ. ಹೇಳುವಾಗ ಸಿದ್ದಮಲ್ಲಪ್ಪನಿಗೇ ನಗು ಬರುತ್ತದೆ. ನಗು ಬೇಗ ಮುಗಿಯುತ್ತದೆ. ಯಾರೂ ಇಲ್ಲದ ಕಡೆ ಬೆನ್ನು ಹಾಕಿಕೊಂಡು, ಯಾರದೋ ಒಂದು ಮಾತಿಗೆ ಕಾದು ನಿಂತ ಮನುಷ್ಯನನ್ನು ನೆನೆದರೆ ಕೇಳಿದವರಿಗೂ ಸಂಕಟವಾಗುತ್ತದೆ.

ಬಸ್ಸು ನರಸೀಪುರ ತಲುಪುವ ಹೊತ್ತಿಗೆ ಸಂತೆ ಕಟ್ಟುತ್ತಿದೆ. ಮಾರಯ್ಯ ಆಗಲೇ ಟಾರ್ಪಾಲು ಎಳೆದು ಜಾಗ ಹಿಡಿದಿದ್ದಾನೆ. ಸಿದ್ದಮಲ್ಲಪ್ಪ ಗಳುವಿಗೆ ಚೀಲ ನೇತುಹಾಕುತ್ತಿರುವಾಗಲೇ ಸೊಪ್ಪಿನ ಸಾಲಿನಿಂದ ಒಬ್ಬರು ಕೂಗುತ್ತಾರೆ, “ರುದ್ರಮ್ಮಾರು ಬಂದ್ರಾ?” ಸಿದ್ದಮಲ್ಲಪ್ಪ ಬೆನ್ನು ತಿರುಗಿಸದೆ ಹೇಳುತ್ತಾರೆ, “ಇಲ್ಲ ಕಣವ್ವ. ತವರಿಗೆ ಓಗವ್ಳೆ.”

ಈ ಉತ್ತರ ಅವರು ಯೋಚಿಸಿ ಕಟ್ಟಿದ್ದಲ್ಲ. ರುದ್ರಮ್ಮ ಹೋದ ಮೇಲೆ ಮೊದಲ ಸಲ ಸಂತೆಗೆ ಬಂದ ದಿನ ಯಾರೋ ಕೇಳಿದರು, ಬಾಯಿಗೆ ಬಂದದ್ದು ಇದು. ಹೇಳಿದ ಮೇಲೆ ಎದೆ ಹಗುರವಾಯಿತಂತೆ. ನಂಜನಗೂಡಿನಲ್ಲಿ ಎಲ್ಲರೂ ಅವರನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಇಲ್ಲಿ ಹೆಂಗಸರು, “ಬೇಗ ಕರ್ಕಂಡ್ ಬನ್ನಿ, ಅವರಿಲ್ದೆ ಸಂತೆ ಸಪ್ಪೆ,” ಎಂದು ನಕ್ಕರು. ವಾರಕ್ಕೊಂದು ದಿನ, ಒಂದು ಊರಿನಲ್ಲಿ, ರುದ್ರಮ್ಮ ಬದುಕಿದ್ದರು. ಯಾರು ತಾನೇ ಅದನ್ನು ಕೈಯಾರೆ ಕೆಡಿಸಿಕೊಳ್ಳುತ್ತಾರೆ?

ಸಂತೆಯಲ್ಲಿ ನಿಜ ಗೊತ್ತಿದ್ದವನು ಮಾರಯ್ಯ ಒಬ್ಬ; ಅವನಿಗೆ ನಂಜನಗೂಡಿನ ಕಡೆಯಿಂದ ಸುದ್ದಿ ಮುಟ್ಟಿತ್ತು. “ನೀನೇ ಏಳ್ಬುಡಣ್ಣ. ಇನ್ನೊಬ್ರು ಬಾಯಲ್ಲಿ ಕೇಳುದ್ರೆ ಚೆಂದಾಗಿರಕಿಲ್ಲ,” ಎಂದು ಒಂದು ಸಲ ಹೇಳಿ ಸುಮ್ಮನಾದ. ಮತ್ತೆ ಆ ಮಾತೆತ್ತಿಲ್ಲ.

ಆದರೆ ಸುಳ್ಳು ಸುಮ್ಮನಿರುವುದಿಲ್ಲ. ಇಷ್ಟು ದಿನ ತವರಲ್ಲೇನು ಎಂದವರಿಗೆ, ತಾಯಿ ಹಾಸಿಗೆ ಹಿಡಿದಿದ್ದಾರೆ ಎಂಬ ಇನ್ನೊಂದು ಸುಳ್ಳು ಬೇಕಾಯಿತು. ಸೋಮನಾಥಪುರದಿಂದ ಸೊಪ್ಪು ತರುವ ಚಾಮುಂಡಮ್ಮ ರುದ್ರಮ್ಮನ ಹಳೆಯ ಗೆಳತಿ, ಸಂತೆಯ ಗೆಳೆತನ. “ರುದ್ರಕ್ಕ ಕೇಳಿತ್ತು,” ಎಂದು ಹೋದ ಮಳೆಗಾಲದಲ್ಲಿ ಕನಕಾಂಬರದ ಸಸಿಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಸಿದ್ದಮಲ್ಲಪ್ಪ ಬೇಡ ಎನ್ನಲಾರದೆ ತಂದು ಮನೆಯ ಮುಂದೆ ನೆಟ್ಟರು. ಮುಡಿಯುವವರಿಲ್ಲದ ಮನೆಯ ಮುಂದೆ ಗಿಡ ಚಿಗುರಿದೆ.

ಅದಕ್ಕಿಂತ ದೊಡ್ಡ ತೊಂದರೆ ಚಾಮುಂಡಮ್ಮನ ಚೀಲದ್ದು. ಇವತ್ತೂ ಅವರು ಅದೇ ಚೀಲ ಹಾಕಿಕೊಂಡು ಬಂದು ನಿಲ್ಲುತ್ತಾರೆ. ಜಿಪ್ಪು ಹೋಗಿ ಬಾಯಿಗೆ ಸೇಫ್ಟಿ ಪಿನ್ನು ಬಿದ್ದಿವೆ. ಪಟ್ಟಿ ಕಿತ್ತು, ಗಂಟು ಹಾಕಿದೆ. ಗಂಟು ಹೆಗಲಿನ ಮೂಳೆಯ ಮೇಲೆಯೇ ಕೂತಿದೆ.

“ಊವ ಬುಡ್ತಾ?” ಚಾಮುಂಡಮ್ಮ ಕೇಳುತ್ತಾರೆ.

“ಬುಡ್ತು,” ಎನ್ನುತ್ತಾರೆ ಸಿದ್ದಮಲ್ಲಪ್ಪ.

“ಮುಡಿತಾ ರುದ್ರಕ್ಕ?”

ಸಿದ್ದಮಲ್ಲಪ್ಪ ಗಳುವಿನ ಚೀಲವೊಂದನ್ನು ಬಿಚ್ಚಿ ಮತ್ತೆ ಅಲ್ಲೇ ಕಟ್ಟುತ್ತಾರೆ. “ಚಾಮುಂಡವ್ವ, ನಿನ್ ಚೀಲ ತೀರಾ ಓಗದೆ. ಒಂದ್ ತಕಬುಡು. ಟವಲ್ ಆಸ್ತೀನಿ, ನಾನ್ ಆ ಕಡೆ ತಿರುಕೋತೀನಿ.”

“ನೀವ್ಯಾಕ್ ತಿರುಗ್ತೀರಿ ಯಜಮಾನ್ರೇ? ನನ್ ಚೀಲದಲ್ಲಿ ಏನದೆ ನೋಡಬಾರದ್ದು? ಎಲೆಅಡ್ಕೆ, ಬಿಪಿ ಮಾತ್ರೆ.” ಚಾಮುಂಡಮ್ಮ ನಗುತ್ತಾರೆ. “ಆದ್ರೆ ಈಗ ಬ್ಯಾಡ. ರುದ್ರಕ್ಕ ಬರ್ಲಿ. ನಂಗೆ ಅದೇ ಆರ್ಸಿ ಕೊಡ್ಬೇಕು. ಅಲ್ಲೀಗಂಟ ಇದ್ನೇ ಆಕ್ಕತೀನಿ.” ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು ಸೊಪ್ಪಿನ ಕಡೆ ಹೊರಟುಹೋಗುತ್ತಾರೆ. ಹೆಗಲಿನ ಮೇಲೆ ಒಂದು ಕೆಂಪು ಗುರುತು ಕಾಣುತ್ತದೆ. ಸಿದ್ದಮಲ್ಲಪ್ಪ ಅದನ್ನು ನೋಡುತ್ತಾರೆ, ಮಾರಯ್ಯ ಸಿದ್ದಮಲ್ಲಪ್ಪನನ್ನು ನೋಡುತ್ತಾನೆ.

ಸಂತೆ ಸಾಧಾರಣವಾಗಿ ನಡೆಯುತ್ತದೆ. ಆಶಾ ಕಾರ್ಯಕರ್ತೆಯೊಬ್ಬರು ಚೀಟಿ, ಔಷಧಿಗಳನ್ನೆಲ್ಲ ತುಂಬಿ ನೋಡಿ ಒಂದು ಚೀಲ ಒಪ್ಪುತ್ತಾರೆ. ಮರೆಯದೆ “ಆಯ್ತು, ತಿರುಗಿ” ಎನ್ನುತ್ತಾರೆ. ಆ ಎರಡು ಪದಕ್ಕೆ ಸಿದ್ದಮಲ್ಲಪ್ಪನ ಮುಖ ಅರಳುತ್ತದೆ. ಮಧ್ಯಾಹ್ನ ಮಾರಯ್ಯನ ಜೊತೆ ಬುತ್ತಿ ಬಿಚ್ಚುತ್ತಾರೆ. ಮುದ್ದೆ ಕಟ್ಟುವುದು ಕಲಿತಿದ್ದಾರೆ, ಸಾರು ಇನ್ನೂ ಕೈ ಹತ್ತಿಲ್ಲ.

ವಾಪಸು ಬಸ್ಸಿನಲ್ಲಿ ಗಂಟು ಸಣ್ಣದಾಗಿದೆ. ಅದರ ತಳದಿಂದ ಅವರು ಒಂದು ಚೀಲ ತೆಗೆದು ತೋರಿಸುತ್ತಾರೆ. ಮಣ್ಣಿನ ಬಣ್ಣದ ಕ್ಯಾನ್ವಾಸು, ಒಳಗೆ ಬಿಳಿ ಖಾದಿ, ಹೊರಗೆ ಆಧಾರ್ ಜೇಬು, ಅದರ ಪಕ್ಕ ಎಲೆಅಡಿಕೆ ನಲುಗದಂತೆ ಇನ್ನೊಂದು ಗಟ್ಟಿ ಜೇಬು. ಪಟ್ಟಿ ಅಗಲವಾಗಿದೆ, ಹೆಗಲ ಮೇಲೆ ಬರುವ ಕಡೆ ಒಳಗೆ ಮೆತ್ತನೆಯ ಬಟ್ಟೆ ಕೊಟ್ಟಿದೆ. ಚಾಮುಂಡಮ್ಮನಿಗೆಂದು ಹೊಲಿದದ್ದು. ವಾರವಾರವೂ ಸಂತೆಗೆ ಹೋಗಿ, ಗಂಟಿನ ತಳದಲ್ಲೇ ಇದ್ದು ವಾಪಸು ಬರುತ್ತಿದೆ.

“ಇದ್ ಕೊಡ್ಬೇಕಾದ್ರೆ ಅದ್ ಏಳ್ಬೇಕು ಸಾ,” ಎನ್ನುತ್ತಾರೆ. “ಬಾಯ್ ಬರಲ್ಲ. ಏಳುದ್ರೆ ಅಲ್ಲೂ ಓಯ್ತಾಳೆ ಅವಳು. ಆದ್ರೆ ಆ ಯಮ್ಮನ್ ಎಗಲು ನೋಡುದ್ರಾ ನೀವು?”

ಕಿಟಕಿ ಪಕ್ಕದ ಸೀಟು ಇವತ್ತು ಖಾಲಿಯಿದೆ. ಚೀಲವನ್ನು ಅದರ ಮೇಲಿಟ್ಟು, ಪಟ್ಟಿ ಕೆಳಗೆ ಬೀಳದಂತೆ ಸರಿಮಾಡುತ್ತಾರೆ. ಊರು ಹತ್ತಿರವಾದಾಗ, ಬರೆಯಲು ಬಂದವರ ಕಡೆ ಮೊದಲ ಸಲ ಪೂರ್ತಿ ತಿರುಗಿ ಕೂರುತ್ತಾರೆ.

“ನಿಮ್ ಪೇಪರ್ ನರಸೀಪುರಕ್ಕೂ ಓಯ್ತದಲ್ವಾ? ನನ್ ಇಸ್ಯ ಎಚ್ಗೆ ಏನೂ ಬರೀಬ್ಯಾಡಿ. ಚಾಮುಂಡವ್ವಂಗೆ ಓದಾಕ್ ಬರಲ್ಲ, ಮನೇಲಿ ಯಾರಾದ್ರೂ ಓದಿ ಏಳ್ತಾರೆ. ರುದ್ರಮ್ಮ ತವರಿಗ್ ಓಗಿಲ್ಲ, ಇನ್ ಬರಾಕಿಲ್ಲ ಅಂತ ಬರ್ದ್ಬುಡಿ. ಚೀಲ ಮಾತ್ರ ರುದ್ರಮ್ಮಂದೇ ಮೊಳ, ಎರಡೂವರೆ, ಒಂದ್ ಬೆರಳೂ ಎಚ್ಚುಕಮ್ಮಿ ಇಲ್ಲ, ಕಣ್ಮುಚ್ಕಂಡ್ ತಕಬೌದು ಅಂತ ಬರೀರಿ.”